ಗುಂಡಿ ಮುಚ್ಚಿದರು, ದುಡ್ಡು ಬರಲಿಲ್ಲ: ಲಾಸ್ ಏಂಜಲೀಸ್‌ನಲ್ಲಿ ಯಾವ ರಸ್ತೆ ಯಾರದ್ದು

ಪ್ರತಿ ವರ್ಷ ಫೆಬ್ರವರಿ ಮಳೆ ನಿಂತ ವಾರ ಇಲ್ಲಿನ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಬರುತ್ತದೆ. ಒಡೆದ ಟೈರು, ಸೊಟ್ಟಗಾದ ರಿಮ್ಮು. ಕೆಳಗೆ, "ಇಲ್ಲೂ ಗುಂಡಿನಾ ಗುರೂ? ಇದಕ್ಕೆ ಇಷ್ಟು ದೂರ ಬರಬೇಕಿತ್ತಾ?" ಎಂಬ ಸಾಲು. ಹತ್ತು ಜನ ನಗುತ್ತಾರೆ. ಆಮೇಲೆ ಯಾರೋ ಒಬ್ಬರು, "311ಕ್ಕೆ ಕಂಪ್ಲೇಂಟ್ ಹಾಕಿ, ಸಿಟಿಯವರು ದುಡ್ಡು ಕೊಡ್ತಾರೆ" ಎಂದು ಸಲಹೆ ಕೊಡುತ್ತಾರೆ. 311 ಎಂದರೆ ಸಿಟಿಗೆ ದೂರು ಹೇಳುವ ನಂಬರು, ಅದಕ್ಕೊಂದು ಆ್ಯಪೂ ಇದೆ. ಆ ಸಲಹೆ ನಂಬಿ ನಾನು ಕೈ ಸುಟ್ಟುಕೊಂಡೆ. ನನ್ನ ನಂತರ ಬಂದ ಮೂವರು ಅದನ್ನೇ ಮಾಡಿದರು. ಇನ್ನು ಸುಮ್ನೆ ಕೂರುವುದು ಸರಿಯಲ್ಲ ಅನ್ನಿಸಿ ಬರೆಯುತ್ತಿದ್ದೇನೆ.

311 ಆ್ಯಪ್ ಹೇಗೆ ಬಳಸಬೇಕು ಎಂದು ಹೇಳಲು ಹೋಗುವುದಿಲ್ಲ. ಬಂದ ಮೊದಲ ತಿಂಗಳಲ್ಲೇ ಹಳೆ ಸೋಫಾ ಎತ್ತಿಸಲು ಎಲ್ಲರೂ ಅದನ್ನು ಕಲಿತಿರುತ್ತೀರಿ. ಅದರ ಹಿಂದೆ ಯಾರಿದ್ದಾರೆ ಎಂಬುದು ಜಾಸ್ತಿ ಜನಕ್ಕೆ ಗೊತ್ತಿಲ್ಲ.

ಲಾಸ್ ಏಂಜಲೀಸ್ ಸಿಟಿಯಲ್ಲಿ ಬೋರ್ಡ್ ಆಫ್ ಪಬ್ಲಿಕ್ ವರ್ಕ್ಸ್ ಅಂತ ಒಂದಿದೆ. 1906ರಿಂದ ಇದೆ. ಐದು ಜನ ಕಮಿಷನರ್‌ಗಳು. ಮೇಯರ್ ನೇಮಿಸುತ್ತಾರೆ, ಸಿಟಿ ಕೌನ್ಸಿಲ್ ಒಪ್ಪಬೇಕು. ಈ ಊರಿನಲ್ಲಿ ಕಮಿಷನ್‌ಗಳು ಬೇಕಾದಷ್ಟಿವೆ, ಆದರೆ ಅವುಗಳ ಸದಸ್ಯರು ತಮ್ಮ ಕೆಲಸ ಮುಗಿಸಿ ಬಂದು ಸಭೆ ಮಾಡಿ ಹೋಗುವವರು. ಈ ಐದು ಜನಕ್ಕೆ ಮಾತ್ರ ಇದೇ ಪೂರ್ತಿ ಸಮಯದ, ಸಂಬಳದ ಕೆಲಸ. ಇವರ ಕೈಕೆಳಗೆ ಐದು ಬ್ಯೂರೋಗಳು. ಎಂಜಿನಿಯರಿಂಗ್‌ನವರು ನಕ್ಷೆ ಮಾಡುತ್ತಾರೆ, ಪರ್ಮಿಟ್ ಕೊಡುತ್ತಾರೆ. ಸ್ಟ್ರೀಟ್ ಸರ್ವಿಸಸ್‌ನವರು ಡಾಂಬರು ಹಾಕುತ್ತಾರೆ, ರಸ್ತೆ ಬದಿಯ ಮರ ನೋಡಿಕೊಳ್ಳುತ್ತಾರೆ. ಸ್ಯಾನಿಟೇಷನ್‌ಗೆ ಕಸ ಮತ್ತು ಒಳಚರಂಡಿ. ಸ್ಟ್ರೀಟ್ ಲೈಟಿಂಗ್‌ಗೆ ಬೀದಿ ದೀಪ. ಐದನೆಯದು ಕಾಂಟ್ರ್ಯಾಕ್ಟ್ ಅಡ್ಮಿನಿಸ್ಟ್ರೇಷನ್, ಅಂದರೆ ಗುತ್ತಿಗೆದಾರ ಸಿಮೆಂಟು ಸರಿಯಾಗಿ ಹಾಕಿದನಾ ಎಂದು ನಿಂತು ನೋಡುವವರು. ಈ ಐದನೆಯದರಂಥದ್ದು ನಮ್ಮ ಬೆಂಗಳೂರಿಗೂ ಬೇಕು ಎಂದು ನನಗೆ ಬಹಳ ಸಲ ಅನ್ನಿಸಿದೆ. ಕೆಲಸ ಮಾಡಿಸುವವರೇ ಕೆಲಸ ಚೆನ್ನಾಗಿದೆ ಎಂದು ಸಹಿ ಹಾಕಿದರೆ ಏನಾಗುತ್ತದೆ ಎಂದು ನಾವೆಲ್ಲ ನೋಡಿದವರೇ.

ಟೆಂಡರ್ ಕರೆಯುವುದು, ಗುತ್ತಿಗೆ ಕೊಡುವುದು, ಮುಗಿದ ಕೆಲಸ ಒಪ್ಪಿಕೊಳ್ಳುವುದು, ಕೆಲವು ಸಲ ಮರ ಕಡಿಯಬಹುದಾ ಬೇಡವಾ ಎಂದು ತೀರ್ಮಾನಿಸುವುದು, ಎಲ್ಲ ಬೋರ್ಡಿನ ಬಹಿರಂಗ ಸಭೆಯಲ್ಲೇ ಆಗುತ್ತದೆ. ಸಭೆಗೆ 72 ಗಂಟೆ ಮುಂಚೆ ವಿಷಯಪಟ್ಟಿ ಹಾಕಲೇಬೇಕು. ಯಾರು ಬೇಕಾದರೂ ಹೋಗಿ ಮಾತಾಡಬಹುದು, ವೀಸಾ ಯಾವುದು ಎಂದು ಕೇಳುವವರಿಲ್ಲ.

ಒಂದು ತಮಾಷೆ ಗೊತ್ತಾ? ಓವೆನ್ಸ್ ಕಣಿವೆಯಿಂದ 233 ಮೈಲಿ ದೂರ ನೀರು ತಂದ ಆ ಪ್ರಸಿದ್ಧ ಕಾಲುವೆ, 1913ರಲ್ಲಿ ಮುಗಿದದ್ದು, ಕಟ್ಟಿದ್ದು ಈ ಬೋರ್ಡಿನ ಮೇಲ್ವಿಚಾರಣೆಯಲ್ಲೇ. ಇವತ್ತು ನೀರಿಗೂ ಬೋರ್ಡಿಗೂ ಸಂಬಂಧವಿಲ್ಲ. ನೀರು, ಕರೆಂಟು ಡಿಡಬ್ಲ್ಯೂಪಿ ಎಂಬ ಬೇರೆ ಇಲಾಖೆಯದ್ದು, ಅವರಿಗೆ ಬೇರೆ ಕಮಿಷನ್ ಇದೆ. ಟ್ರಾಫಿಕ್ ಸಿಗ್ನಲ್ಲು, ರಸ್ತೆ ಮೇಲಿನ ಬಿಳಿ ಗೆರೆ ಸಿಟಿಯ ಸಾರಿಗೆ ಇಲಾಖೆಯದ್ದು. ಫ್ರೀವೇ ರಾಜ್ಯದ ಸಾರಿಗೆ ಇಲಾಖೆ ಕ್ಯಾಲ್‌ಟ್ರಾನ್ಸ್‌ದು. ಬೆಂಗಳೂರಿನಲ್ಲಿ ರಸ್ತೆ ಕಾರ್ಪೊರೇಷನ್‌ಗೆ, ಪೈಪು ಜಲಮಂಡಳಿಗೆ, ಕಂಬ ಬೆಸ್ಕಾಂಗೆ ಎಂದು ಬೈದುಕೊಂಡು ಬೆಳೆದವರು ನಾವು. ಇಲ್ಲೂ ಅದೇ ಕಥೆ.

ಇಷ್ಟಾದರೆ ಪರವಾಗಿಲ್ಲ. ನಿಜವಾದ ಗೋಜಲು ಊರುಗಳದ್ದು. ಲಾಸ್ ಏಂಜಲೀಸ್ (ಎಲ್ಎ) ಕೌಂಟಿಯೊಳಗೆ 88 ಸಿಟಿಗಳಿವೆ. ಕೌಂಟಿ ಅಂದರೆ ನಮ್ಮ ಜಿಲ್ಲೆ ಥರ. ಲಾಸ್ ಏಂಜಲೀಸ್ ಅದರಲ್ಲಿ ಒಂದು, ಅಷ್ಟೇ. ಸ್ಯಾಂಟಾ ಮೋನಿಕಾ, ಕಲ್ವರ್ ಸಿಟಿ, ಬರ್ಬ್ಯಾಂಕ್, ಸೆರಿಟೋಸ್ ಎಲ್ಲಾ ಬೇರೆ ಬೇರೆ. ಯಾವ ಸಿಟಿಗೂ ಸೇರದ ಜಾಗಗಳೂ ಇವೆ, ಅವುಗಳ ರಸ್ತೆ ಕೌಂಟಿಯದ್ದು. ವಿಳಾಸದಲ್ಲಿ "ಲಾಸ್ ಏಂಜಲೀಸ್" ಎಂದಿದ್ದರೆ ನಂಬಬೇಡಿ, ಅದು ಅಂಚೆಯವರ ಲೆಕ್ಕ. ಕೆಲವು ರಸ್ತೆಗಳಲ್ಲಿ ಹೋಗುವ ಪಕ್ಕ ಒಂದು ಸಿಟಿ, ಬರುವ ಪಕ್ಕ ಇನ್ನೊಂದು. ನನ್ನ ಕಾರು ಬಿದ್ದದ್ದು ಅಂಥ ರಸ್ತೆಯಲ್ಲಿ.

ಫೆಬ್ರವರಿ 11, ಸಂಜೆ ಏಳು ಗಂಟೆ, ಮಳೆ. ಗುಂಡಿ ತುಂಬ ನೀರು ನಿಂತಿತ್ತು, ಹಾಗಾಗಿ ರಸ್ತೆ ಸಮವಾಗಿಯೇ ಕಂಡಿತು. ಧಡ್ ಎಂದಿತು. ಹಿಂದೆ ಕೂತಿದ್ದ ಮಗಳ ಕೈಲಿದ್ದ ನೀರಿನ ಬಾಟಲಿ ಮುಂದೆ ಬಂದು ಬಿತ್ತು. ಇಳಿದು ನೋಡಿದರೆ ಟೈರಿನ ಪಕ್ಕೆಯಲ್ಲಿ ಪೂರಿ ಉಬ್ಬಿದ ಹಾಗೆ ಒಂದು ಗುಳ್ಳೆ, ರಿಮ್ಮಿನ ಅಂಚು ಒಳಕ್ಕೆ ಮಡಚಿಕೊಂಡಿತ್ತು. ಎರಡು ಟೈರು, ಒಂದು ರಿಮ್ಮು, ಅಲೈನ್‌ಮೆಂಟು ಸೇರಿ 870 ಡಾಲರ್. ಇನ್ಶೂರೆನ್ಸಿನಲ್ಲಿ ನಾನೇ ಮೊದಲು ಭರಿಸಬೇಕಾದ ಮೊತ್ತ 1,000 ಡಾಲರ್. ಅಲ್ಲಿಗೆ ಆ ಬಾಗಿಲು ಮುಚ್ಚಿತು.

ಬಿಲ್ಲು ಕೈಗೆ ಬಂದ ರಾತ್ರಿಯೇ ಲಾಸ್ ಏಂಜಲೀಸ್‌ನ ಆ್ಯಪಿನಲ್ಲಿ ದೂರು ಹಾಕಿದೆ. ಬಿಲ್ಲಿನ ಫೋಟೋವನ್ನೂ ಸೇರಿಸಿದೆ, ಎಷ್ಟು ಜಾಣ ನೋಡಿ! ಕೆಲವು ದಿನ ಬಿಟ್ಟು "ಕೆಲಸ ಮುಗಿದಿದೆ" ಎಂದು ಸಂದೇಶ ಬಂತು. ಹೋಗಿ ನೋಡಿದರೆ ರಸ್ತೆಯ ಆ ಕಡೆ ಒಂದಷ್ಟು ಹೊಸ ಡಾಂಬರು. ನನ್ನ ಗುಂಡಿ ಇದ್ದಲ್ಲೇ ಇತ್ತು. ಅಷ್ಟಾದರೂ ತಲೆಗೆ ಹೋಗಲಿಲ್ಲ. ದೂರು ಒಪ್ಪಿಕೊಂಡಿದ್ದಾರೆ, ಚೆಕ್ಕು ತಡವಾಗಿ ಬರುತ್ತದೆ ಎಂದು ಕಾದೆ. ಜುಲೈನಲ್ಲಿ ಸಹೋದ್ಯೋಗಿಯೊಬ್ಬರು, "ಕ್ಲೇಮ್ ಹಾಕಿದೆಯಾ?" ಎಂದು ಕೇಳಿದರು. ಹಾಕಿದ್ದೇನಲ್ಲ ಎಂದೆ. "ಅದು ಕಂಪ್ಲೇಂಟು. ಕ್ಲೇಮ್ ಬೇರೆ" ಎಂದರು.

ಇಡೀ ಬರಹದಲ್ಲಿ ಒಂದೇ ವಿಷಯ ನೆನಪಿಡುವುದಾದರೆ ಇದನ್ನು ಇಡಿ. 311ಕ್ಕೆ ಹಾಕುವುದು ದೂರು. ಅದು ಗುಂಡಿ ಮುಚ್ಚಲು. ನಿಮ್ಮ ನಷ್ಟಕ್ಕೆ ದುಡ್ಡು ಬೇಕಾದರೆ ಕ್ಲೇಮ್ ಅರ್ಜಿ ಬೇರೆ ಹಾಕಬೇಕು. ಲಾಸ್ ಏಂಜಲೀಸ್‌ನಲ್ಲಿ ಅದು ಸಿಟಿ ಕ್ಲರ್ಕ್ ಕಚೇರಿಗೆ ಹೋಗುತ್ತದೆ. ಪಬ್ಲಿಕ್ ವರ್ಕ್ಸ್ ಬೋರ್ಡಿಗೂ ಅಲ್ಲ, ಬ್ಯೂರೋಗೂ ಅಲ್ಲ. ಕ್ಯಾಲಿಫೋರ್ನಿಯಾದ ಸರ್ಕಾರಿ ಸಂಹಿತೆಯ 911.2ನೇ ಕಲಮಿನ ಪ್ರಕಾರ ಮೈಗೆ ಏಟು ಬಿದ್ದಿದ್ದರೆ, ಕಾರಿನಂಥ ವಸ್ತು ಹಾಳಾಗಿದ್ದರೆ, ಘಟನೆ ನಡೆದ ದಿನದಿಂದ 6 ತಿಂಗಳೊಳಗೆ ಕ್ಲೇಮ್ ತಲುಪಬೇಕು. ಮಾಮೂಲಿ ಅಪಘಾತದಲ್ಲಿ ಇನ್ನೊಬ್ಬ ಚಾಲಕನ ಮೇಲೆ ಕೇಸು ಹಾಕಲು ವರ್ಷಗಟ್ಟಲೆ ಸಮಯವಿದೆ. ಎದುರಿಗಿರುವುದು ಸರ್ಕಾರ ಆದಾಗ ಮಾತ್ರ 6 ತಿಂಗಳು. ಕ್ಲೇಮ್ ಹಾಕದೆ ನೇರ ಕೋರ್ಟಿಗೆ ಹೋಗುವ ಹಾಗೂ ಇಲ್ಲ.

ನಾನು ಜುಲೈ 20ಕ್ಕೆ ಕ್ಲೇಮ್ ಹಾಕಿದೆ. ಇನ್ನೂ 22 ದಿನ ಬಾಕಿ ಇತ್ತು, ನಿರಾಳವಾದೆ. ಆಗಸ್ಟ್ ಕೊನೆಗೆ ಕಾಗದ ಬಂತು: ಆ ಜಾಗ ನಮ್ಮ ಸಿಟಿಯದ್ದಲ್ಲ. ಅವರು ಹೇಳಿದ್ದು ಸರಿಯೇ. ನಾನು ಹೋಗುತ್ತಿದ್ದ ಬದಿ ಪಕ್ಕದೂರಿನದ್ದು. ಆ ಊರಿನ ಕಚೇರಿಗೆ ಓಡಿದೆ. ಕೌಂಟರಿನಲ್ಲಿದ್ದ ಹೆಂಗಸು ಬಹಳ ಮರ್ಯಾದೆಯಿಂದ ಅರ್ಜಿ ತೆಗೆದುಕೊಂಡು, ದಿನಾಂಕದ ಮೇಲೆ ಪೆನ್ನಿನ ತುದಿ ಇಟ್ಟು ಬೆರಳು ಮಡಚಿ ಎಣಿಸಿದರು. ಫೆಬ್ರವರಿ, ಮಾರ್ಚ್, ಏಪ್ರಿಲ್. ಆಗಸ್ಟಿಗೆ ಬಂದಾಗ ನನ್ನ ಮುಖ ನೋಡಿದರು. ಅಷ್ಟೇ.

ತಡವಾದವರಿಗೆ ಒಂದು ಸಣ್ಣ ಕಿಂಡಿ ಇದೆ. ಒಂದು ವರ್ಷದೊಳಗೆ "ತಡವಾಗಿ ಹಾಕಲು ಅನುಮತಿ ಕೊಡಿ" ಎಂದು ಕಾರಣ ಸಮೇತ ಕೇಳಬಹುದು. ಆಸ್ಪತ್ರೆಯಲ್ಲಿ ಮಲಗಿದ್ದೆ ಎಂಬಂಥ ಕಾರಣ ಇದ್ದರೆ ಕೇಳುತ್ತಾರೆ. ಕಾನೂನು ಗೊತ್ತಿರಲಿಲ್ಲ ಎಂದರೆ ಸಾಮಾನ್ಯವಾಗಿ ನಡೆಯುವುದಿಲ್ಲ. ನನ್ನದು ನಡೆಯಲಿಲ್ಲ.

ಹಾಗಾಗಿ ಗುಂಡಿಗೆ ಬಿದ್ದ ದಿನವೇ ರಸ್ತೆ ಯಾರದ್ದು ಎಂದು ನೋಡಿ. ಎಂಜಿನಿಯರಿಂಗ್ ಬ್ಯೂರೋದ ನ್ಯಾವಿಗೇಟ್ ಎಲ್ಎ ಎಂಬ ನಕ್ಷೆ ಆನ್‌ಲೈನಿನಲ್ಲಿದೆ, ಸಿಟಿಯ ಗಡಿ ಅದರಲ್ಲಿ ಕಾಣುತ್ತದೆ. ಅನುಮಾನ ಇದ್ದರೆ ಎರಡೂ ಊರಿಗೆ, ಬೇಕಾದರೆ ಕೌಂಟಿಗೂ ಹಾಕಿ. ಅರ್ಜಿಗೆ ದುಡ್ಡೇನೂ ಇಲ್ಲ, ಮೂರು ಕಡೆ ಹಾಕಿದರೆ ಕಳೆದುಕೊಳ್ಳುವುದು ಒಂದು ಸಂಜೆ. ಫೋಟೋ ತೆಗೆಯುವಾಗ ನಾನು ಟೈರನ್ನು ಐದು ಕೋನದಲ್ಲಿ ತೆಗೆದಿದ್ದೆ, ಗುಂಡಿಯದ್ದು ಒಂದೂ ಇರಲಿಲ್ಲ. ನೀವು ಗುಂಡಿ ತೆಗೆಯಿರಿ. ಪಕ್ಕದಲ್ಲಿ ಶೂ ಇಟ್ಟು ಆಳ ಕಾಣುವ ಹಾಗೆ ಒಂದು, ರಸ್ತೆ ಹೆಸರಿನ ಫಲಕ ಸೇರಿಸಿ ಇನ್ನೊಂದು. ರಾತ್ರಿಯಾದರೆ ಬೆಳಿಗ್ಗೆ ಮತ್ತೆ ಹೋಗಿ. ಮುಚ್ಚುವ ಮುಂಚೆ ಹೋಗಿ.

ಕ್ಲೇಮ್ ಹಾಕಿದ ತಕ್ಷಣ ಕೊಟ್ಟುಬಿಡುತ್ತಾರೆ ಎಂದಲ್ಲ. ಗುಂಡಿ ಇದೆ ಎಂದು ಸಿಟಿಗೆ ಮೊದಲೇ ಗೊತ್ತಿತ್ತು, ಅಥವಾ ಗೊತ್ತಿರಬೇಕಿತ್ತು, ಸರಿ ಮಾಡಲು ಸಮಯವೂ ಇತ್ತು ಎಂದು ನೀವು ತೋರಿಸಬೇಕು. 311 ದೂರು ಕೆಲಸಕ್ಕೆ ಬರುವುದು ಇಲ್ಲಿ. ನಿಮ್ಮದಲ್ಲ, ನಿಮಗಿಂತ ಮುಂಚೆ ಬೇರೆ ಯಾರೋ ಹಾಕಿದ್ದು. ಸಾರ್ವಜನಿಕ ದಾಖಲೆ ಕಾಯ್ದೆಯಡಿ ಆ ಜಾಗದ ಹಳೆ ದೂರುಗಳನ್ನು ಕೇಳಿ ಪಡೆಯಬಹುದು, ನಮ್ಮ ಆರ್‌ಟಿಐ ಥರ. ಅದಕ್ಕೇ ನಾನು ಈಗ ಕಂಡ ಗುಂಡಿಗೆಲ್ಲ ದೂರು ಹಾಕುತ್ತೇನೆ. ನನ್ನ ಹೆಂಡತಿ ಕಾರಿನಲ್ಲಿ ಜೊತೆಗೆ ಬರಲು ಒಪ್ಪುವುದಿಲ್ಲ.

ಕ್ಲೇಮಿಗೆ ಉತ್ತರಿಸಲು ಅವರಿಗೆ 45 ದಿನ. ಸುಮ್ಮನಿದ್ದರೆ ತಿರಸ್ಕರಿಸಿದರು ಎಂದೇ ಲೆಕ್ಕ. ತಿರಸ್ಕರಿಸಿದ ಕಾಗದ ಕೊಟ್ಟರೆ, ಅಲ್ಲಿಂದ ಇನ್ನೊಂದು 6 ತಿಂಗಳು ಶುರು, ಅದರೊಳಗೆ ಕೋರ್ಟಿಗೆ ಹೋಗಬೇಕು. 12,500 ಡಾಲರ್‌ವರೆಗೆ ಸ್ಮಾಲ್ ಕ್ಲೇಮ್ಸ್ ಕೋರ್ಟಿದೆ, ವಕೀಲರು ಬೇಡ, ನೀವೇ ನಿಂತು ಹೇಳಬೇಕು. ಮೈಗೆ ದೊಡ್ಡ ಏಟು ಬಿದ್ದಿದ್ದರೆ ಮಾತ್ರ ಗೆಳೆಯರನ್ನು ಕೇಳಬೇಡಿ, ವಕೀಲರನ್ನು ಕೇಳಿ.

ಮನೆ ಕೊಂಡವರಿಗೆ ಎರಡು ಮಾತು, ಬೇಗ ಹೇಳಿ ಮುಗಿಸುತ್ತೇನೆ. ಮನೆಯಿಂದ ರಸ್ತೆ ಮಧ್ಯದ ದೊಡ್ಡ ಒಳಚರಂಡಿಯವರೆಗೆ ಹೋಗುವ ಪೈಪು ನಿಮ್ಮದು. ಫುಟ್‌ಪಾತ್ ಕೆಳಗಿನದ್ದು, ರಸ್ತೆ ಕೆಳಗಿನದ್ದೂ ನಿಮ್ಮದೇ. ಮನೆ ಕೊಳ್ಳುವ ಮುಂಚೆ ಕ್ಯಾಮೆರಾ ಬಿಟ್ಟು ನೋಡಿಸಿ. ವಾಸ್ತುವಿಗೆ ಕೊಡುವ ಗಮನದಲ್ಲಿ ಕಾಲು ಭಾಗ ಇದಕ್ಕೆ ಕೊಟ್ಟರೂ ಸಾಕು. ಮನೆ ಮುಂದಿನ ಮರ ನೀವು ನೀರು ಹಾಕಿ ಬೆಳೆಸಿದ್ದರೂ ಫುಟ್‌ಪಾತ್ ಪಕ್ಕದಲ್ಲಿದ್ದರೆ ಸಿಟಿಯದ್ದು. ಪರ್ಮಿಟ್ ಇಲ್ಲದೆ ಕೊಂಬೆ ಮುಟ್ಟಬೇಡಿ, ಬೇರಂತೂ ಬೇಡವೇ ಬೇಡ. ಫುಟ್‌ಪಾತ್ ನೀವೇ ಸರಿ ಮಾಡಿಸುವುದಾದರೂ ಎಂಜಿನಿಯರಿಂಗ್ ಬ್ಯೂರೋದಿಂದ ಎ-ಪರ್ಮಿಟ್ ತೆಗೆದುಕೊಳ್ಳಬೇಕು.

ಈ ಊರಿನ ಫುಟ್‌ಪಾತ್ ಕಥೆ ಕೋರ್ಟು ಕಂಡದ್ದು. ಬೇರು ಎಬ್ಬಿಸಿದ ಚಪ್ಪಡಿಗಳ ಮೇಲೆ ಗಾಲಿಕುರ್ಚಿ ಹೋಗುವುದಿಲ್ಲ ಎಂದು ಅಂಗವಿಕಲರು 2010ರಲ್ಲಿ ಕೇಸು ಹಾಕಿದರು. 2016ರಲ್ಲಿ ಕೋರ್ಟು ಒಪ್ಪಿದ ರಾಜಿಯಂತೆ ಸಿಟಿ 30 ವರ್ಷದಲ್ಲಿ ಸುಮಾರು 140 ಕೋಟಿ ಡಾಲರ್ ಖರ್ಚು ಮಾಡಬೇಕು. 30 ವರ್ಷ! ನಿಮ್ಮ ಬೀದಿಗೆ ಯಾವಾಗ ಬರುತ್ತಾರೆ ಎಂದು ಕಾಯುವ ಬದಲು ನಿಮ್ಮ ಕೌನ್ಸಿಲ್ ಸದಸ್ಯರ ಕಚೇರಿಗೆ ಫೋನು ಮಾಡಿ. ಸಿಟಿಯಲ್ಲಿ 15 ಕೌನ್ಸಿಲ್ ಕ್ಷೇತ್ರಗಳಿವೆ. ಆ್ಯಪಿಗಿಂತ ಮನುಷ್ಯನ ಧ್ವನಿಗೆ ಬೇಗ ಕೆಲಸವಾಗುವುದು ಇಲ್ಲೂ ಉಂಟು. ಊರಲ್ಲಿ ಕಾರ್ಪೊರೇಟರ್ ಮನೆ ಮುಂದೆ ನಿಂತು ಕೂಗಿದ ಹಾಗೆ ಕೂಗಲು ಆಗುವುದಿಲ್ಲ, ಆ ಸುಖ ಇಲ್ಲಿಲ್ಲ.

ಫುಟ್‌ಪಾತ್ ಎಂದಾಗ ಅಪ್ಪ ಅಮ್ಮಂದಿರ ನೆನಪಾಗುತ್ತದೆ. ಬೆಳಿಗ್ಗೆ ವಾಕಿಂಗ್ ಹೋಗುವವರು ಅವರೇ ಅಲ್ವಾ. ವಿಸಿಟರ್ ವೀಸಾದಲ್ಲಿ ಬಂದವರಿಗೆ ಸಾಮಾನ್ಯವಾಗಿ 6 ತಿಂಗಳು ಇರಲು ಬಿಡುತ್ತಾರೆ. ಕ್ಲೇಮಿಗೂ 6 ತಿಂಗಳು. ಗೆಳೆಯನೊಬ್ಬನ ಅಮ್ಮ, ಹಾಸನದ ಕಡೆಯವರು, ಬಂದ ಮೂರನೇ ವಾರ ಎದ್ದ ಚಪ್ಪಡಿ ಎಡವಿ ಮಣಿಕಟ್ಟು ಮುರಿದುಕೊಂಡರು. ಆ ಊರಿನ ಹೆಸರು ಬೇಡ. ಪ್ರವಾಸಿ ಇನ್ಶೂರೆನ್ಸಿನವರು ಅರ್ಧ ಕೊಟ್ಟರು. ಮಿಕ್ಕಿದ್ದನ್ನು, "ಅಮ್ಮನನ್ನು ಕಳಿಸಿದ ಮೇಲೆ ನಿಧಾನವಾಗಿ ನೋಡೋಣ" ಎಂದು ಇವನು ಬಿಟ್ಟ. ಅಮ್ಮನ ವಿಮಾನ ಏರಿದ ಎರಡು ವಾರಕ್ಕೆ ಅವಧಿ ಮುಗಿಯಿತು, ಇವನು ನನಗೆ ಫೋನು ಮಾಡಿದ್ದು ಅದಾದ ಮೇಲೆ.

ಆ ಅಮ್ಮ ಈಗಲೂ ಫೋನಿನಲ್ಲಿ ಮೊಮ್ಮಗನ ಓದು ವಿಚಾರಿಸಿ, ಆಮೇಲೆ "ಆ ಕಲ್ಲು ಸರಿ ಮಾಡಿದ್ರೇನೋ?" ಎಂದು ಕೇಳುತ್ತಾರಂತೆ. ಹೋದ ತಿಂಗಳು ಅವನ ಮನೆಗೆ ಹೋದಾಗ ಇಬ್ಬರೂ ನಡೆದು ಹೋಗಿ ನೋಡಿದೆವು. ಚಪ್ಪಡಿ ಎದ್ದೇ ಇದೆ. ಮುಂದಿನ ಅಂಚಿಗೆ ಒಂದು ಹಿಡಿ ಡಾಂಬರು ಮೆತ್ತಿ ಇಳಿಜಾರು ಮಾಡಿದ್ದಾರೆ, ಅದರ ಮೇಲೆ ಯಾವುದೋ ನಾಯಿಯ ಹೆಜ್ಜೆ ಒತ್ತಿಕೊಂಡಿದೆ. ಅವನು ಫೋಟೋ ತೆಗೆದು ಅಮ್ಮನಿಗೆ ಕಳಿಸಿದ.