ನೋಡದೆ ಕೊಂಡ ಬಾಸ್ ಗಿಟಾರ್: ನನ್ನ ಅನುಭವ

ಬಾಸ್ ಗಿಟಾರನ್ನು ಕೈಯಲ್ಲಿ ಹಿಡಿಯದೆ ಕೊಳ್ಳುವವನಿಗೆ ತಲೆ ಕೆಟ್ಟಿದೆ ಎಂದು ನಮ್ಮ ಬ್ಯಾಂಡಿನವರು ಒಂದೇ ಬಾಯಲ್ಲಿ ಹೇಳಿದ್ದರು. ಆದರೆ ನಾನು ಹಾಗೇ ಶಿಲ್ಲಾಂಗ್‌ನಿಂದ ತರಿಸಿದ ಜಪಾನ್ ತಯಾರಿಕೆಯ ಹಳೆಯ ಜಾಜ್ ಬಾಸ್ (ಬಾಸ್ ಗಿಟಾರಿನ ಒಂದು ಮಾದರಿ) ಬೆಂಗಳೂರಿನ ಎರಡು ಮಳೆಗಾಲ ಕಂಡರೂ ನೆಕ್ (ತಂತಿಗಳ ಕೆಳಗಿನ ಉದ್ದನೆಯ ಕತ್ತು) ನೆಟ್ಟಗಿದೆ. ಅಂದು ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ಡ್ರಮ್ಮರ್ ಈಗ ತನ್ನ ತಮ್ಮನಿಗೂ ಒಂದು ಹುಡುಕಿಕೊಡು ಎಂದು ದುಂಬಾಲು ಬಿದ್ದಿದ್ದಾನೆ.

ಅದಕ್ಕೂ ಮೊದಲು ಹಣ ಸುರಿದದ್ದು ಹೇಳಿ ಮಾಡಿಸಿದ ಕಸ್ಟಮ್ ಬಾಸಿಗೆ. ಮೂವತ್ತು ಸಾವಿರ ಮುಂಗಡ, ‘ಮೂರು ತಿಂಗಳು ಸಾಕು ಸರ್’ ಎಂಬ ಭರವಸೆ. ಕೈಗೆ ಬರುವಷ್ಟರಲ್ಲಿ ವರ್ಷ ಕಳೆದಿತ್ತು, ಖರ್ಚು ತೊಂಬತ್ತರ ಹತ್ತಿರ ಬಂದಿತ್ತು. ಬೀಟೆ ಮರದ ಫಿಂಗರ್‌ಬೋರ್ಡ್ ಕಣ್ಣಿಗೆ ಹಬ್ಬ. ಆದರೆ ತೂಕ ಐದು ಕಿಲೋ ಮೀರಿತ್ತು. ಹೆಗಲ ಪಟ್ಟಿ ಸಿಕ್ಕಿಸುವ ಮೇಲಿನ ಕೊಂಬು ಗಿಡ್ಡವಾದ್ದರಿಂದ ಎಡಗೈ ಬಿಟ್ಟ ಕೂಡಲೇ ನೆಕ್ಕಿನ ತುದಿಯ ಹೆಡ್‌ಸ್ಟಾಕ್ ನೆಲ ನೋಡುತ್ತಿತ್ತು. ಮಾರಲು ಹೋದರೆ ಅರ್ಧ ಬೆಲೆಯೂ ಹುಟ್ಟಲಿಲ್ಲ.

ಹಳೆಯದನ್ನು ಕೊಳ್ಳುವಾಗ ಎಲ್ಲರೂ ‘ನುಡಿಸಿ ವಿಡಿಯೋ ಕಳಿಸಿ’ ಎನ್ನುತ್ತಾರೆ. ಎಲ್ಲಕ್ಕಿಂತ ದಪ್ಪನೆಯ ಇ ತಂತಿಯ ಕಂಪನ 41 ಹರ್ಟ್ಸ್. ಫೋನಿನ ಸ್ಪೀಕರಿಗೆ ಅದು ಎಟುಕುವ ಮಾತೇ ಅಲ್ಲ. ಆದ್ದರಿಂದ ನಾನು ನಾದ ಕೇಳುವುದಿಲ್ಲ, ಅಳತೆ ಕೇಳುತ್ತೇನೆ. ಇ ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ (ಫ್ರೆಟ್ ಎಂದರೆ ನೆಕ್ಕಿನ ಮೇಲಿನ ಅಡ್ಡ ಲೋಹಪಟ್ಟಿ) ನೆಕ್ ಬಾಡಿಗೆ ಸೇರುವಲ್ಲೂ ಒಟ್ಟಿಗೆ ಒತ್ತಿ ಹಿಡಿದು, ಎಂಟನೆಯ ಫ್ರೆಟ್ಟಿನ ಮೇಲೆ ವಿಸಿಟಿಂಗ್ ಕಾರ್ಡ್ ತೂರಿಸಿ ತೋರಿಸಬೇಕು. ಕಾರ್ಡ್ ತಂತಿಗೆ ತುಸು ಉಜ್ಜಿಕೊಂಡು ಹೋದರೆ ಸರಿ. ಮೂರು ಕಾರ್ಡ್ ಸಲೀಸಾಗಿ ಹೋದರೆ ನೆಕ್ ಬಾಗಿದೆಯೆಂದರ್ಥ; ಅದರೊಳಗಿನ ಟ್ರಸ್ ರಾಡ್ ಎಂಬ ಲೋಹದ ಸರಳನ್ನು ಕಾಲು ಸುತ್ತು ಬಿಗಿಸಿ ಮರುದಿನ ಮತ್ತೆ ತೋರಿಸಿ ಎನ್ನುತ್ತೇನೆ. ರಾಡಿನ ನಟ್ಟು ತಿರುಗದಿದ್ದರೆ ವ್ಯಾಪಾರ ಅಲ್ಲಿಗೇ ಮುಗಿಯಿತು. ಹಳೆಯ ಮಾದರಿಯಲ್ಲಿ ನಟ್ಟು ಬಾಡಿಯ ಕಡೆಗಿರುವುದರಿಂದ ನೆಕ್ ಬಿಚ್ಚಲೇಬೇಕು. ನನಗೆ ಅದೂ ಲಾಭವೇ, ನೆಕ್ ಕೂರುವ ಪಾಕೆಟ್ಟಿನ ಬಿರುಕುಗಳ ಫೋಟೊ ಪುಕ್ಕಟೆ ಸಿಗುತ್ತದೆ.

ಆಮೇಲೆ ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್. ಜಾಜ್ ಬಾಸಿನಲ್ಲಿ ಅವು ಎರಡು, ತಲಾ ಒಂದು ವಾಲ್ಯೂಮ್. ಕೇಬಲ್ ಸಿಕ್ಕಿಸಿ, ಒಂದು ವಾಲ್ಯೂಮ್ ಪೂರ್ತಿ ತೆರೆದು ಇನ್ನೊಂದನ್ನು ಮುಚ್ಚಿ, ಕೇಬಲಿನ ಮತ್ತೊಂದು ತುದಿಗೆ ಮಲ್ಟಿಮೀಟರ್ ಹಿಡಿದರಾಯಿತು. 7 ಕಿಲೋ ಓಮ್ ಆಸುಪಾಸು ಬಂದರೆ ಸುರುಳಿ ಕಡಿದಿಲ್ಲ. ಬ್ಯಾಟರಿಯಿಲ್ಲದ ಪ್ಯಾಸಿವ್ ಬಾಸಿಗೆ ಮಾತ್ರ ಈ ಲೆಕ್ಕ.

ಮುಂಬೈನ ಮಾರಾಟಗಾರರೊಬ್ಬರು ‘ಇಷ್ಟು ಅನುಮಾನವಿದ್ದರೆ ಹೊಸದನ್ನೇ ಕೊಳ್ಳಿ’ ಎಂದು ಫೋನ್ ಇಟ್ಟರು. ಶಿಲ್ಲಾಂಗಿನ ಹುಡುಗನೋ ಬಾಸ್ ಹೊತ್ತು ತೂಕದ ಯಂತ್ರ ಹತ್ತಿ, ಇಳಿಸಿ ಮತ್ತೆ ಹತ್ತಿ ವಿಡಿಯೋ ಕಳಿಸಿದ: ನಾಲ್ಕು ಕಿಲೋಗೆ ಚೂರು ಮೇಲೆ. ಅಲ್ಲಿಗೆ ಅರ್ಧ ನಂಬಿಕೆ ಬಂತು. ಉಳಿದರ್ಧ ಬಂದದ್ದು ಹಣ ಹಾಕುವ ಮುನ್ನ ನಾನು ಕೇಳುವ ಕೊನೆಯ ಪ್ರಶ್ನೆಯಿಂದ. ಅದನ್ನು ಇಲ್ಲಿ ಬರೆಯುವುದಿಲ್ಲ, ಮಾರುವವರೂ ಓದುತ್ತಾರೆ.

ಅವನು ಹೇಳಿದ್ದು ಐವತ್ತೆಂಟು, ಕುದುರಿದ್ದು ಐವತ್ತೆರಡಕ್ಕೆ. ಕೊರಿಯರ್ ಮತ್ತು ವಿಮೆಗೆ ಮೂರೂವರೆ, ಹೊಸ ತಂತಿಗೆ ಎರಡೂವರೆ ಸಾವಿರವಿರಬೇಕು. ನೆಕ್ಕನ್ನು ಬಾಡಿಯ ಪಕ್ಕದಲ್ಲೇ ಬೇರೆಯಾಗಿ ಸುತ್ತಿಡಿಸಿದ್ದೆ. ಪೆಟ್ಟಿಗೆ ಗಿಡ್ಡವಾದಷ್ಟೂ ಲಾರಿಯಲ್ಲಿ ಮುರಿಯುವ ಭಯ ಕಡಿಮೆ.

ಜಪಾನಿನಿಂದಲೇ ನೇರವಾಗಿ ತರಿಸುವ ಲೆಕ್ಕವನ್ನೂ ಹಾಕಿದ್ದೆ. 2017ರಲ್ಲಿ ಬೀಟೆಯ ಕುಲದ ಮರಗಳೆಲ್ಲ ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಗೆ ಸೇರಿ ಕಾಗದಪತ್ರದ ಕಾಟ ಶುರುವಾಗಿತ್ತು. 2019ರ ಕೊನೆಗೆ ಸಿದ್ಧ ವಾದ್ಯಗಳಿಗೆ ವಿನಾಯಿತಿ ಬಂತು. ಕಸ್ಟಮ್ಸ್ ಸುಂಕಕ್ಕೆ ಮಾತ್ರ ಯಾವ ವಿನಾಯಿತಿಯೂ ಬರಲಿಲ್ಲ, ಕೈಬಿಟ್ಟೆ.

ಬಂದ ಬಾಸಿನಲ್ಲಿ ಜಿ ತಂತಿಯ ಆರನೆಯ ಫ್ರೆಟ್ ಮಂಕು. ಸ್ವರ ಹುಟ್ಟಿದಷ್ಟೇ ಬೇಗ ಸಾಯುತ್ತಿತ್ತು. ಈ ಜಾತಿಯ ಬಾಸುಗಳಿಗೆ ಇದು ಹುಟ್ಟುಗುಣ, ಬೆಲೆ ಇಳಿಸಲು ನೆಪವಲ್ಲ. ಬಡಗಿಗಳು ಬಳಸುವ ಪುಟ್ಟ ಸಿ-ಕ್ಲ್ಯಾಂಪಿಗೆ ಬಟ್ಟೆ ಸುತ್ತಿ ಹೆಡ್‌ಸ್ಟಾಕಿಗೆ ಬಿಗಿದೆ. ಮಂಕು ಒಂದು ಫ್ರೆಟ್ ಕೆಳಗೆ ಸರಿಯಿತು. ತುದಿಗೆ ಸರಿಸಿ ಬಿಗಿದಾಗ ಇನ್ನೂ ಕೆಳಗೆ ಹೋಯಿತು. ಯಾವ ಹಾಡಿಗೆ ಯಾವ ಸ್ವರ ಬೇಡವೋ ಅಲ್ಲಿಗೆ ಅದನ್ನು ತಳ್ಳಿ ರೆಕಾರ್ಡಿಂಗ್ ಮುಗಿಸುತ್ತೇನೆ. ಕ್ಲ್ಯಾಂಪಿಗೆ ಕೊಟ್ಟದ್ದು ನೂರೈವತ್ತರೊಳಗೆ; ವೇದಿಕೆಯಲ್ಲಿ ಮಾತ್ರ ಬಿಚ್ಚಿಡು ಎಂದು ಗಾಯಕಿಯ ಅಪ್ಪಣೆಯಾಗಿದೆ.