ಹಡಗಿನ ಹೆಲಿಡೆಕ್: ಉಕ್ಕಿಗಿಂತ ಮೊದಲು ಗಾಳಿಯ ಲೆಕ್ಕ

ಹೆಲಿಡೆಕ್, ಅಂದರೆ ಹಡಗಿನ ಮೇಲೆ ಹೆಲಿಕಾಪ್ಟರ್ ಇಳಿಯುವ ಅಟ್ಟ. ಅದರ ವಿನ್ಯಾಸಕ್ಕೆ ಕೂತಾಗ ನನಗೆ ಮೊದಲು ಬೇಕಾದದ್ದು ಅಲ್ಲಿ ಇಳಿಯುವ ಅತಿ ದೊಡ್ಡ ಹೆಲಿಕಾಪ್ಟರಿನ ಡಿ-ವ್ಯಾಲ್ಯೂ. ಅಂದರೆ ರೋಟರ್ ತಿರುಗುತ್ತಿರುವಾಗಿನ ಅದರ ಪೂರ್ತಿ ಉದ್ದ. ಎಡಬ್ಲ್ಯು139 ಎಂದಿಟ್ಟುಕೊಳ್ಳಿ: ಡಿ ಸುಮಾರು 16.6 ಮೀಟರ್, ತೂಕ 6.8 ಟನ್. ಕೆಳಗಿನ ಅಂಕಿಗಳೆಲ್ಲ ಸಮುದ್ರದ ಹೆಲಿಡೆಕ್‌ಗಳಿಗೆಂದೇ ಇರುವ ಬ್ರಿಟನ್ನಿನ ಕ್ಯಾಪ್ 437 ಮಾನದಂಡವನ್ನು ಹಿಡಿದು ಮಾಡಿದ ಲೆಕ್ಕ.

ಆಮೇಲಿನ ಪ್ರಶ್ನೆ ಜಾಗದ್ದು. ಇಲ್ಲಿ ಎಡವಿದರೆ ಮುಂದೆ ಎಷ್ಟು ಉಕ್ಕು ಹಾಕಿದರೂ ಸರಿಹೋಗದು. ಚಿಮಣಿಯ ಹಿಂದೆ ಇಟ್ಟರೆ ಬಿಸಿ ಹೊಗೆ ಡೆಕ್ಕಿನ ಮೇಲೇ ಹರಿಯುತ್ತದೆ. ಹೆಲಿಕಾಪ್ಟರ್ ಇಳಿಯುವ ಕ್ಷಣದಲ್ಲೇ ಅದರ ಇಂಜಿನ್ನಿನ ಶಕ್ತಿ ಕುಗ್ಗುತ್ತದೆ. ಮೂರು ಸೆಕೆಂಡಿನ ಸರಾಸರಿಯಲ್ಲಿ ಗಾಳಿಯ ಉಷ್ಣತೆ 2 ಡಿಗ್ರಿ ಸೆಲ್ಸಿಯಸ್ ಏರಿದರೂ ಪೈಲಟ್‌ಗಳಿಗೆ ತಿಳಿಸಬೇಕು. ಮೂತಿಯ ಕಡೆ, ಹಡಗು ನಡೆಸುವ ಕೋಣೆಯಾದ ಬ್ರಿಜ್ ಮೇಲೆ ಇಟ್ಟರೆ ಗಾಳಿ ಶುದ್ಧ, ಆದರೆ ಓಲಾಟ ಹೆಚ್ಚು. ಹಡಗಿನ ನಡುವಿನಿಂದ 40 ಮೀಟರ್ ಮುಂದಿರುವ ಡೆಕ್, ಮೂತಿ ಏರಿಳಿಯುವ ಬರೀ 2 ಡಿಗ್ರಿ ಪಿಚ್‌ಗೆ 1.4 ಮೀಟರ್ ಮೇಲಕ್ಕೂ ಅಷ್ಟೇ ಕೆಳಕ್ಕೂ ಹೋಗುತ್ತದೆ. ಅಲೆಯ ಅವಧಿ 8 ಸೆಕೆಂಡಾದರೆ ವೇಗ ಸೆಕೆಂಡಿಗೆ 1.1 ಮೀಟರ್ ಮುಟ್ಟುತ್ತದೆ. ಹಾಗಾಗಿ ಚಲನೆಯ ಲೆಕ್ಕವನ್ನು ಹಡಗಿನ ಗುರುತ್ವಕೇಂದ್ರದಲ್ಲಲ್ಲ, ಡೆಕ್ಕಿನ ಮಧ್ಯದಲ್ಲಿ ಮಾಡಬೇಕು.

ಕ್ಯಾಬಿನ್‌ಗಳ ಛಾವಣಿಯನ್ನೇ ಹೆಲಿಡೆಕ್ ಮಾಡಿ ದುಡ್ಡು ಉಳಿಸೋಣ ಎನ್ನುವವರು ಪ್ರತಿ ಸಲವೂ ಇರುತ್ತಾರೆ. ನಾನು ಒಪ್ಪುವುದಿಲ್ಲ. ಗೋಡೆಗೆ ಬಡಿದ ಗಾಳಿ ಅಂಚಿನಲ್ಲಿ ಮೇಲಕ್ಕೆ ಚಿಮ್ಮಿ ಡೆಕ್ಕಿನ ಮೇಲೆ ಸುಳಿಯಾಗುತ್ತದೆ. ಅಡಿಯಲ್ಲಿ 3ರಿಂದ 6 ಮೀಟರ್ ಖಾಲಿ ಬಿಟ್ಟರೆ ಅದೇ ಗಾಳಿ ಕೆಳಗಿನಿಂದ ನುಸುಳಿ ಹೋಗುತ್ತದೆ. ಆ ಖಾಲಿಯನ್ನು ಆಮೇಲೆ ಸ್ಟೋರ್ ರೂಮ್ ಮಾಡಲು ಬಿಡಬೇಡಿ.

ಅಡೆತಡೆಯ ವಿಷಯದಲ್ಲಿ ರಾಜಿ ಇಲ್ಲ. ಹೆಲಿಕಾಪ್ಟರ್ ಬಂದುಹೋಗುವ 210 ಡಿಗ್ರಿ ವಲಯ ಪೂರ್ತಿ ತೆರೆದಿರಬೇಕು. ಅಂಚಿನ ದೀಪ, ಬೆಂಕಿ ಆರಿಸುವ ನೊರೆ ಚಿಮ್ಮುವ ಫೋಮ್ ಮಾನಿಟರ್‌ನಂಥ ಅನಿವಾರ್ಯ ವಸ್ತುಗಳೂ ಹೊಸ ಡೆಕ್ಕಿನಲ್ಲಿ 15 ಸೆಂಟಿಮೀಟರ್ ಮೀರಕೂಡದು. ಉಳಿದ 150 ಡಿಗ್ರಿಯಲ್ಲಿ ಕೇಂದ್ರದಿಂದ 0.62 ಡಿ, ಅಂದರೆ 10.3 ಮೀಟರ್‌ವರೆಗೆ ಅಂಥದೇ ಬಿಗಿ ಮಿತಿ. ಅಲ್ಲಿಂದ 13.8 ಮೀಟರ್‌ವರೆಗೆ ಎರಡಕ್ಕೆ ಒಂದರ ಇಳಿಜಾರಿನಲ್ಲಿ ಎತ್ತರ ಏರಬಹುದು.

ಬಲದ ಲೆಕ್ಕ ಸರಳ. ತುರ್ತು ಇಳಿತಕ್ಕೆ ತೂಕದ 2.5 ಪಟ್ಟು, ಡೆಕ್ಕಿನ ಸ್ಪಂದನೆಗೆ ಮತ್ತೆ 1.3 ಪಟ್ಟು: ಒಟ್ಟು 22 ಟನ್. ಎರಡು ಮುಖ್ಯ ಚಕ್ರಗಳ ಮೇಲೆ ತಲಾ 11. ಚಕ್ರ ತೊಲೆಯ ಮೇಲೆ ಬಿದ್ದಾಗ ಅಷ್ಟೇ ಅಲ್ಲ, ಎರಡು ತೊಲೆಗಳ ನಡುವಿನ ಹಲಗೆಯ ಮೇಲೆ ಬಿದ್ದಾಗಲೂ ತಾಳಬೇಕು.

ನೀರು, ಇಂಧನ ಹರಿದುಹೋಗಲು ನೂರಕ್ಕೆ ಒಂದರ ಇಳಿಜಾರು ಸಾಕು, ಆದರೆ ಡ್ರೈನ್ ಪೈಪು ವಾಸದ ಕೋಣೆಗಳ ಕಡೆಗೆ ಬಾಯಿ ತೆರೆಯಬಾರದು. ಡಿ ವ್ಯಾಸದ 217 ಚದರ ಮೀಟರ್ ವೃತ್ತಕ್ಕೆ ಚದರ ಮೀಟರಿಗೆ 5.5 ಲೀಟರಿನಂತೆ ನಿಮಿಷಕ್ಕೆ ಸುಮಾರು 1,200 ಲೀಟರ್ ಫೋಮ್ ದ್ರಾವಣ ಬೇಕು. ಐದು ನಿಮಿಷಕ್ಕೆ 6,000. ಸುತ್ತಲಿನ ಬಲೆ 1.5 ಮೀಟರ್ ಅಗಲ, ಹೊರಕ್ಕೆ ಹೋದಂತೆ ತುಸು ಮೇಲೇರಿರಬೇಕು. ಬಿಗಿಯಾಗಿ ಕಟ್ಟಿದರೆ ಬಿದ್ದವನನ್ನು ಚಿಮ್ಮಿ ಸಮುದ್ರಕ್ಕೆ ಎಸೆಯುತ್ತದೆ, ತೊಟ್ಟಿಲಿನಂತೆ ಜೋಲಬೇಕು.

ಹಡಗು ಯಾರ್ಡ್ ಬಿಡುವ ಮುನ್ನ ಟೇಪ್ ಹಿಡಿದು 210 ಡಿಗ್ರಿಯನ್ನು ಮತ್ತೊಮ್ಮೆ ಅಳೆಯುತ್ತೇನೆ. ನಕ್ಷೆಯಲ್ಲಿ ಇಲ್ಲದ ಆಂಟೆನಾ ಅಲ್ಲಿ ಎದ್ದು ನಿಲ್ಲುವುದು ಕೊನೆಯ ವಾರದಲ್ಲೇ.