ಬಸ್ಸಿನ ಮೆಟ್ಟಿಲು ಹತ್ತಲಾಗದ ಅಜ್ಜ ಮತ್ತು ನಾನು ಬರೆಯದೆ ಬಿಟ್ಟ ಪರೀಕ್ಷೆ

ದಾವಣಗೆರೆಯ ನನ್ನ ಚಿಕಿತ್ಸಾಲಯಕ್ಕೆ ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಬರುತ್ತಿದ್ದರು. ವಯಸ್ಸು 76. ಒಮ್ಮೆ ಅವರು, “ಡಾಕ್ಟರೇ, ಬಸ್ಸು ಹತ್ತಬೇಕಾದರೆ ಯಾರಾದರೂ ಕೈ ಹಿಡಿಯಬೇಕು” ಎಂದರು. “ವಯಸ್ಸಾಯಿತಲ್ಲ ಅಜ್ಜ” ಎಂದುಬಿಟ್ಟೆ. ಆ ಮಾತನ್ನು ಈಗ ಯಾರಿಗೂ ಹೇಳುವುದಿಲ್ಲ.

ಮುಂದಿನ ಭೇಟಿಯಲ್ಲಿ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಕೈಕಟ್ಟಿಕೊಂಡು ಐದು ಬಾರಿ ಎದ್ದು ಕೂರಲು ಹೇಳಿದೆ. 12 ಸೆಕೆಂಡು ಅಥವಾ ಹೆಚ್ಚು ಬೇಕಾದರೆ ದೇಹದ ಕಾರ್ಯಕ್ಷಮತೆ ಕುಗ್ಗಿದೆ ಎಂಬುದು ಸ್ನಾಯು ಸೊರಗುವಿಕೆಯನ್ನು ಗುರುತಿಸಲು ರೂಪಿಸಿದ 2019ರ ಏಷ್ಯಾದ ಮಾನದಂಡ. ಅವರಿಗೆ 21 ಬೇಕಾಯಿತು. ಮೂತ್ರಪಿಂಡ ಹೊರಹಾಕಬೇಕಾದ ತ್ಯಾಜ್ಯವಾದ ಕ್ರಿಯಾಟಿನಿನ್ ರಕ್ತದಲ್ಲಿ ಹೆಚ್ಚಿರುವುದು, ಅಂದರೆ ಮೂತ್ರಪಿಂಡ ದಣಿದಿರುವುದು, ಮೊದಲೇ ಗೊತ್ತಿತ್ತು. ಆದರೆ ನಾನು ಬರೆಯುತ್ತಿದ್ದ ಎಲೆಕ್ಟ್ರೊಲೈಟ್ ಪರೀಕ್ಷೆಯ ವರದಿಯಲ್ಲಿ ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಮಾತ್ರ ಇರುತ್ತಿದ್ದವು. ರಕ್ತದ ಆಮ್ಲವನ್ನು ತಣಿಸುವ ಕ್ಷಾರವಾದ ಬೈಕಾರ್ಬೊನೇಟ್ ಬೇಕೆಂದು ಬೇರೆಯಾಗಿ ಬರೆಯಬೇಕಿತ್ತು, ಬರೆದಿರಲಿಲ್ಲ. ಬರೆಸಿದಾಗ 17 ಬಂತು. 22ಕ್ಕಿಂತ ಕೆಳಗಿದ್ದರೆ ಕಡಿಮೆ. ನಳಿಕೆಯ ಮುಚ್ಚಳ ತೆರೆದಿಟ್ಟರೆ ಇಂಗಾಲದ ಡೈಆಕ್ಸೈಡ್ ಹಾರಿ ಹೋಗಿ ಅಂಕಿ ಸುಳ್ಳಾಗಿ ಇಳಿಯುತ್ತದೆ. ಹಾಗಾಗಿ ಮತ್ತೊಮ್ಮೆ ಮಾಡಿಸಿದೆ. ಮತ್ತೆ 17.

ದಣಿದ ಮೂತ್ರಪಿಂಡ ಆಮ್ಲವನ್ನು ಪೂರ್ತಿ ಹೊರಹಾಕಲಾರದು. ಆಗ ರಕ್ತದ ಪಿಎಚ್ ಅನ್ನು 7.35ರಿಂದ 7.45ರೊಳಗೆ ಉಳಿಸಲು ದೇಹ ತನ್ನ ಎಲುಬಿನ ಕ್ಷಾರವನ್ನೂ ಬಳಸಿಕೊಳ್ಳುತ್ತದೆ. ಆಮ್ಲೀಯತೆ ಸ್ನಾಯುವಿನ ಪ್ರೋಟೀನ್ ಒಡೆಯುವ ಕ್ರಿಯೆಯನ್ನೂ ಚುರುಕುಗೊಳಿಸುತ್ತದೆ. ಅಜ್ಜನ ತೊಡೆಗಳು ಒಣಗುತ್ತಿದ್ದುದಕ್ಕೆ ಇದೂ ಒಂದು ಕಾರಣವಿರಬಹುದು ಎನ್ನಿಸಿತು.

ಮಂಡಿನೋವಿಗೆಂದು ಅಂಗಡಿಯಿಂದ ತಂದು ನುಂಗುತ್ತಿದ್ದ ಮಾತ್ರೆಗಳನ್ನು ಮೊದಲು ನಿಲ್ಲಿಸಿದೆ, ಅವು ಮೂತ್ರಪಿಂಡಕ್ಕೆ ಕೆಡುಕು. ಸೋಡಿಯಂ ಬೈಕಾರ್ಬೊನೇಟ್ ಮಾತ್ರೆಯನ್ನು ಕಡಿಮೆ ಪ್ರಮಾಣದಲ್ಲಿ ಆರಂಭಿಸಿ, ರಕ್ತದೊತ್ತಡ, ಕಾಲಿನ ಬಾವು ನೋಡುತ್ತ ಹೋದೆ. ಜೊತೆಗೆ ದಿನಕ್ಕೆ ಎರಡು ಸಲ ಕುರ್ಚಿಯಿಂದ ಏಳುವ ವ್ಯಾಯಾಮ. ನಾಲ್ಕು ತಿಂಗಳಿಗೆ ಬೈಕಾರ್ಬೊನೇಟ್ 22 ಆಯಿತು, 21 ಸೆಕೆಂಡು 15ಕ್ಕೆ ಇಳಿಯಿತು.

ಇದು ಮಾತ್ರೆಯ ಫಲ ಎಂದು ನಾನು ಹೇಳಲಾರೆ. ಬ್ರಿಟನ್ನಿನಲ್ಲಿ ತೀವ್ರ ಮೂತ್ರಪಿಂಡ ಕಾಯಿಲೆಯಿದ್ದ, 60 ದಾಟಿದ 300 ಜನರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಬೈಕಾರ್ಬ್ ಅಧ್ಯಯನದಲ್ಲಿ ಒಂದು ವರ್ಷ ಈ ಮಾತ್ರೆ ಕೊಟ್ಟರೂ ದೈಹಿಕ ಸಾಮರ್ಥ್ಯ ಸುಧಾರಿಸಲಿಲ್ಲ. ಅದನ್ನು ಓದಿದ ಮೇಲೆ, ಬೈಕಾರ್ಬೊನೇಟ್ ಸ್ವಲ್ಪ ಇಳಿದಿರುವವರಿಗೆ ಕಾಲಿಗೆ ಬಲ ಬರಲೆಂದು ಇದನ್ನು ಬರೆಯುವುದನ್ನು ಬಿಟ್ಟಿದ್ದೇನೆ. 18ಕ್ಕಿಂತ ಕೆಳಗಿಳಿದವರ ವಿಷಯ ಬೇರೆ. ವ್ಯಾಯಾಮವನ್ನಂತೂ ಎಲ್ಲರಿಗೂ ಹೇಳಿಕೊಡುತ್ತೇನೆ.

ಅಜ್ಜನ ಮಗ, “ಅಡುಗೆ ಸೋಡಾ ಕಲಸಿ ಕೊಟ್ಟರೆ ಸಾಲದೇ?” ಎಂದು ಕೇಳಿದರು. ಬೇಡವೆಂದೆ. ಒಂದು ಟೀ ಚಮಚ ಸೋಡಾದಲ್ಲಿ ಒಂದು ಗ್ರಾಂಗೂ ಹೆಚ್ಚು ಸೋಡಿಯಂ ಇರುತ್ತದೆ. ಅಳತೆ ತಪ್ಪಿದರೆ ಹೃದಯಕ್ಕೇ ಕುತ್ತು. ಅವರು ದಿನವೂ ತರುತ್ತಿದ್ದ ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು, ದಣಿದ ಮೂತ್ರಪಿಂಡ ಅದನ್ನು ಹೊರಹಾಕಲಾರದು; ಹಾಗಾಗಿ ಅದನ್ನೂ ಪೊಟ್ಯಾಸಿಯಂ ವರದಿ ಬರುವವರೆಗೆ ನಿಲ್ಲಿಸಲು ಹೇಳಿದೆ.